ಆಲ್ಟರೇಷನ್

ಸೋಯಾದಿಂದ ಬಂದದ್ದು, ಜೇನಿಗಿಂತ ಮಂದ,
ಚಮಚಕ್ಕೆ ಅಂಟಿದರೆ ಬಿಡುವುದಿಲ್ಲ.
ಒಂದು ತಲೆ, ಎರಡು ಕಾಲು:
ತಲೆಗೆ ನೀರೆಂದರೆ ಇಷ್ಟ, ಕಾಲಿಗೆ ಆಗದು.
ಇದರ ಒಂದು ಕಾಲು ಬಿಚ್ಚಿ
ಭೂತಾಯಿ ಮೀನಿನ ಕೊಬ್ಬು ಜೋಡಿಸಬೇಕು,
ಆರು ಕಡೆ ಬಾಗಿದ್ದು, ಗಾಳಿ ತಾಗಿದರೆ ಕಮಟುವಂಥದ್ದು.
ಇಷ್ಟೇ ನನ್ನ ಮೂರು ವರ್ಷದ ಕೆಲಸ.

ಅಪ್ಪನಿಗೆ ಹೇಳಿದೆ. ವಡಾಲಾ ಸ್ಟೇಷನ್ನಿನ ಹೊರಗೆ
ಛತ್ರಿಯಡಿ ಹೊಲಿಗೆ ಯಂತ್ರ ಇಟ್ಟವನು
ಗುಂಡುಸೂಜಿ ಕಚ್ಚಿಕೊಂಡೇ ನಕ್ಕ:
'ಪ್ಯಾಂಟ್ ಆಲ್ಟರೇಷನ್ ಅನ್ನು.
ಅದಕ್ಕ ಡಾಕ್ಟರ್ ಆಗಬೇಕೇನ?'

ಕತ್ತರಿ ಯಾವುದೆಂದು ಕೇಳಿದ.
ಬೂಷ್ಟಿನಿಂದ ತೆಗೆದ ಕಿಣ್ವ, ಅಂದೆ,
ಸಾಬಕ್ಕಿಯಂಥ ಮಣಿಗಳ ಮೇಲೆ ಕೂತಿರುತ್ತದೆ,
ಮೊದಲ ಕಾಲನ್ನಷ್ಟೇ ಮುಟ್ಟುತ್ತದೆ.
ದಾರ?
ಅದೇ ಕತ್ತರಿಯೇ ದಾರ, ಅಪ್ಪಾ.
ನೀರಿದ್ದರೆ ಕತ್ತರಿಸುತ್ತದೆ,
ನೀರು ತೆಗೆದರೆ ಹೊಲಿಯುತ್ತದೆ,
ಪೂರ್ತಿ ಒಣಗಿಸಿದರೆ ಎರಡೂ ಬಿಟ್ಟು ಮಲಗುತ್ತದೆ.
ಅವನು ಪೆಡಲು ನಿಲ್ಲಿಸಿದ.
'ಹಂಗಾದ್ರ ನೀರು ಎಷ್ಟು?'
ನನ್ನ ಗೈಡ್ ಕೂಡ
ಇಷ್ಟು ನೇರವಾಗಿ ಕೇಳಿರಲಿಲ್ಲ.

ಜುಲೈ. ಮಾಟುಂಗಾದಲ್ಲಿ ಗೋಡೆಯೂ ಬೆವರುತ್ತದೆ.
ಉಪ್ಪಿನ ಡಬ್ಬಿ, ಫೈಲು, ಬೆಂಕಿಪೊಟ್ಟಣ ಎಲ್ಲ ಮೆತ್ತಗೆ.
ಬಾಟಲಿಯ ಮುಚ್ಚಳ ತೆರೆದ ಅರೆಗಳಿಗೆಯಲ್ಲಿ
ಸಮುದ್ರ ಒಳಗೆ ನುಗ್ಗಿ
ಹೊಲಿದದ್ದನ್ನೆಲ್ಲ ಬಿಚ್ಚಿ ಹೋಗುತ್ತದೆ.
ಬೆಳಿಗ್ಗೆ ನೋಡಿದರೆ ಒಂಟಿಕಾಲಿನವು, ಬರೀ ನೊರೆ.
ಇನ್ನೂ ಕಾದರೆ ಉಳಿದ ಕಾಲೂ
ಖಾಲಿ ಜಾಗ ಕಂಡು ಅತ್ತ ಜಾರಿ ಕೂರುತ್ತದೆ,
ಲೋಕಲ್ಲಿನಲ್ಲಿ ಕಿಟಕಿ ಸೀಟು ತೆರವಾದ ಹಾಗೆ.
ಅಟೆಂಡರ್ ಘಾಡಿ ಮಾಮಾ ಸಿಲಿಕಾ ಮಣಿಗಳನ್ನು
ಓವನ್ನಿನ ತಟ್ಟೆಯಲ್ಲಿ ಸಂಡಿಗೆಯಂತೆ ಹರವುತ್ತಾನೆ.
ನೀಲಿಯಾಗುವವರೆಗೆ ಕಾಯುತ್ತೇವೆ, ಇಬ್ಬರೂ, ಮಾತಿಲ್ಲದೆ.

ಈ ರಾತ್ರಿ ಮೂವತ್ತೊಂದು ಪರ್ಸೆಂಟ್.
ಪುಸ್ತಕದಲ್ಲಿ ಬರೆದು, ಹೊಡೆದು ಹಾಕಿ,
ಮತ್ತೆ ಅದನ್ನೇ ಬರೆದೆ.

ಮಾನ್‌ಖುರ್ದಿನ ಕೊನೆಯ ಗಾಡಿ.
ಮನೆಯಲ್ಲಿ ಮೀನು ಬೇಯಿಸದವಳ ಬೆರಳಲ್ಲಿ
ಮೂರು ಸೋಪಿಗೂ ಹೋಗದ ವಾಸನೆ.
ಎದುರಿನ ಹುಡುಗಿ ದುಪಟ್ಟಾ ಮೂಗಿಗೇರಿಸಿದಳು.
ಖಾಲಿ ಬುಟ್ಟಿ ಕಾಲಡಿ ಇಟ್ಟುಕೊಂಡ
ಟ್ರಾಂಬೆಯ ಮೀನಿನ ಹೆಂಗಸು
ಮೂಗರಳಿಸಿ ನನ್ನತ್ತ ತಿರುಗಿ
'ತಾರ್ಲಿ?' ಅಂದಳು.
ಹೌದು ಅಂದೆ.
'ಹಳೇದು,' ಅಂದಳು, ಕನಿಕರದಿಂದ.
ಬುಟ್ಟಿ ಎಳೆದು, ಸೊಂಟ ಸರಿಸಿ,
ನಾಲ್ಕನೆಯ ಸೀಟಿನ ಅರ್ಧ
ಬಿಟ್ಟುಕೊಟ್ಟಳು.