ತುದಿ ಊರುವ ಗಿಡ

ಗಿಡ ಕೊಟ್ಟವರು ಸರಸ್ವತೀಪುರಂ ಏಳನೇ ಮೇನಿನ ಗೌರಮ್ಮಣ್ಣಿ,
ಹಾಲಿನ ಪ್ಯಾಕೆಟ್ಟಿನಲ್ಲಿ ಒಂದು ಗೇಣು ಕಡ್ಡಿ.
"ರಾಸ್ಪ್‌ಬೆರಿ ಕಣಯ್ಯಾ, ನೆಟ್ಟು ಮರೆತುಬಿಡು."

ನೆಟ್ಟೆ. ಮರೆತೂಬಿಟ್ಟೆ.
ಎರಡನೇ ಮಳೆಗಾಲಕ್ಕೆ ತುಳಸಿಕಟ್ಟೆಯ ಮಗ್ಗುಲಲ್ಲಿ,
ಬಟ್ಟೆ ಒಗೆವ ಕಲ್ಲಿನ ಸಂದಿಯಲ್ಲಿ,
ಸ್ಕೂಟರಿನ ಸ್ಟ್ಯಾಂಡು ಊರುವ ಜಾಗದಲ್ಲೂ
ಮುಳ್ಳು.

ಬುಡದ ಸುತ್ತ ರೈಲ್ವೆ ವರ್ಕ್‌ಶಾಪಿನ ಹಳೇ ತಗಡು ಹೂತೆ,
ಮೊಣಕಾಲುದ್ದ. ಹಬ್ಬುವುದು ಬೇರಿನಿಂದ ಎಂದುಕೊಂಡಿದ್ದೆ.
ಅದು ಮೇಲಿಂದ ಬಂತು: ಕೊಂಬೆ ಬಾಗಿ,
ತುದಿ ಮಣ್ಣಿಗೆ ಮೂಗು ಉಜ್ಜಿ,
ಅಲ್ಲೇ ಬಿಳಿ ಬೇರು.

ಈಗ ಭಾನುವಾರಕ್ಕೊಮ್ಮೆ ತಪಾಸಣೆ.
ಬಾಗಿದ್ದನ್ನು ಹಳೇ ಸೀರೆಯಂಚಿನಿಂದ ಎತ್ತಿ ಕಟ್ಟುತ್ತೇನೆ,
ಹಣ್ಣು ಕೊಟ್ಟು ಮುಗಿದದ್ದನ್ನು ಬುಡಕ್ಕೇ ಸವರುತ್ತೇನೆ.
ಮೊಣಕೈವರೆಗೆ ಗೀರು. ಆಫೀಸಿನಲ್ಲಿ
ಬೆಕ್ಕು ಸಾಕಿದ್ದೀರಾ ಅನ್ನುತ್ತಾರೆ.

ಒಂದು ಮಾತ್ರ ತಪ್ಪಿಸಿಕೊಂಡಿದೆ.
ಕಾಂಪೌಂಡು ಹತ್ತಿ ಕರಿಗೌಡರ ಹಿತ್ತಿಲಿಗೆ ಇಳಿದಿದೆ.
ಸಂಪಿನ ನೀರಿನ ಜಗಳವಾಗಿ ಆರು ವರ್ಷ, ಮಾತಿಲ್ಲ.
ಈ ಕಡೆ ಕತ್ತರಿಸಿದರೆ
ಆ ಕಡೆಯದು ಸಾಯುವುದಿಲ್ಲ,
ಅವರದೇ ಗಿಡವಾಗುತ್ತದೆ.

ಇವತ್ತು ಬೆಳಿಗ್ಗೆ ಗೋಡೆಯಾಚೆ
ಯಾರೋ ಚೊಂಬಿನಲ್ಲಿ ಅದಕ್ಕೆ ನೀರು ಹೊಯ್ಯುವ ಸದ್ದು.
ಕತ್ತರಿ ಹಿಡಿದು
ನಿಂತೇ ಇದ್ದೆ.