ಏಳನೆಯ ನಳಿಗೆ

ಆರೂವರೆಯ ಬಸ್ಸಿಗೆ ಧಾರವಾಡ ಬಿಟ್ಟು ಗದಗಿಗೆ ಬಂದೆ.
ಚೀಲದಲ್ಲಿ ಬೆರಳುದ್ದದ ಏಳು ಉಕ್ಕಿನ ನಳಿಗೆ,
ಸಾಬೂನು ಡಬ್ಬಿಯಂಥ ಎರಡು ಪಂಪು,
ಎರಡು ಕಟಕ ರೊಟ್ಟಿ, ಶೇಂಗಾ ಚಟ್ನಿ.
ಗಾಳಿ ಅಳೆಯುವ ಕೆಲಸವೆಂದೆ. ರಿಕ್ಷಾದವನು ಕನ್ನಡಿಯಲ್ಲಿ ನೋಡಿದ:
"ಸೇರಿನ್ಯಾಗ ಅಳೀತೀರೋ, ಮೊಳದಾಗ ಅಳೀತೀರೋ?"

ಬೆಟಗೇರಿಯ ಆ ಅಚ್ಚುಕೂಟದ ಹೊಸ್ತಿಲು ದಾಟಿದ್ದೇ
ಮೂಗಿನ ಹಿಂದೆಲ್ಲೋ ಚುರುಕ್ಕೆಂದಿತು.
ಮಸಿ, ರೋಲರು ಒರೆಸುವ ಥಿನ್ನರು, ಸೀಮೆಎಣ್ಣೆ, ಸರೇಸು.
"ವಾಸನಿ? ಎಲ್ಲೈತ್ರಿ ವಾಸನಿ?" ಅಂದರು
ಮೂವತ್ತೊಂದು ವರ್ಷ ಅದೇ ಮಷೀನಿನೆದುರು ನಿಂತ
ದಾವಲಸಾಬ ಹೊಂಬಳ.
"ದೇಶದಾಗ ಚಲೋ ಗಾಳಿ ನಮ್ಮೂರಿಂದು ಅಂತ ಸುದ್ದಿ ಬಂದಿತ್ತಲ್ರಿ,
ಆ ಪೇಪರ ಅಚ್ಚ ಹಾಕಿದಾಂವ ನಾನ."

ನನ್ನ ಕಾಗದದಲ್ಲಿದ್ದ ಹೆಸರು ಓದಿ ಹೇಳಿದೆ:
ಬಾಷ್ಪಶೀಲ ಸಾವಯವ ಸಂಯುಕ್ತಗಳು.
ಹಾರುವುದೇ ಗುಣವಾದ ವಸ್ತುಗಳಿಗೆ
ಹಾರಲಾರದಷ್ಟು ಭಾರದ ಹೆಸರು.
ಅವರು ಬಾಯಲ್ಲೇ ಬಿಡಿಸಿದರು, ಷಕ್ಕೆ ಪ ಒತ್ತು, ಕಕ್ಕೆ ತ ಒತ್ತು.
"ಮೊಳಿ ಜೋಡಿಸೂ ಕಾಲದಾಗ
ಇದೊಂದ ಸಾಲಿಗೆ ಚಾ ಆರಿಹೋಗ್ತಿತ್ರಿ."

ಒಂದು ನಳಿಗೆ ಅವರ ಕಾಲರಿಗೆ ಸಿಕ್ಕಿಸಿದೆ,
ಒಂದು ಮಷೀನಿನ ಪಕ್ಕ,
ಒಂದು ಮಾಳಿಗೆ ಮೇಲೆ, ಒಣಹಾಕಿದ ಸಂಡಿಗೆಯ ಬದಿಗೆ
("ನಮ್ಮ ಸಂಡಿಗಿ ಘಮ ಎಳಕೊಂಡಗಿಂಡೀತು!").
ನಿಮಿಷಕ್ಕೆ ಅರ್ಧ ಕಪ್ಪು ಗಾಳಿ.
ಪಂಪು ಮಗುವಿನ ಗೊರಕೆಯಂತೆ ಸಣ್ಣಗೆ ಗುರ್ ಅನ್ನುತ್ತಿತ್ತು.

ಏಳನೆಯದು ಖಾಲಿ ನಳಿಗೆ.
ಅದರ ಕೆಲಸ ಬರುವುದು, ಒಮ್ಮೆ ಬಾಯಿ ತೆರೆಯುವುದು,
ಕೂಡಲೇ ಮುಚ್ಚುವುದು, ಎಲ್ಲರೊಂದಿಗೆ ಮರಳುವುದು.
ಲಗ್ನಕ್ಕೆ ಬಂದು
ಉಣ್ಣದೇ ಹೋಗುವ ಬೀಗರ ಹಾಗೆ.
ಉಳಿದವರ ಲೆಕ್ಕ ಸರಿಯೋ ತಪ್ಪೋ
ಹೇಳುವವನು ಅವನೇ.

ಸಂಜೆ ಅವರ ಮನೆಗೂ ಹೋದೆ. ಎರಡು ಖೋಲಿ, ಒಂದೇ ಕಿಟಕಿ.
ಬಂದವರೇ ಅಂಗಿ ಕಳಚಿ ಗೂಟಕ್ಕೆ ಹಾಕಿದರು,
ಗೂಟದ ಕೆಳಗೆ ಮೊಮ್ಮಗಳ ತೊಟ್ಟಿಲು.
ಇಮಾಂಬಿ ನಳಿಗೆ ನೋಡಿ ನಕ್ಕರು:
"ಇದಕ್ಯಾಕ ಮಷೀನ? ನನ್ನ ಕೇಳ್ರಿ.
ಅಂಗಿ ಮೂಸಿದ್ರ ತಿಳೀತೈತಿ,
ಇವತ್ತ ಲಗ್ನಪತ್ರಿಕಿ, ಇವತ್ತ ಎಲೆಕ್ಷನ್ ಚೀಟಿ.
ಹೊಸದಾಗಿ ಬಂದಾಗ ತಲಿ ಸಿಡೀತಿತ್ತು.
ಈಗ ಅವರು ಊರಿಗೆ ಹೋದ್ರ ನಿದ್ದೀನ ಬರೂದಿಲ್ಲ."

ಹೊರಡುವಾಗ ದಾವಲಸಾಬರು ಹೊಸ ವರ್ಷದ ಕ್ಯಾಲೆಂಡರು ಕೊಟ್ಟರು,
ಸುರುಳಿ ಸುತ್ತಿ, ರಬ್ಬರು ಹಾಕಿ.
"ಹಸಿ ಐತ್ರಿ ಇನ್ನೂ, ಒತ್ತಬ್ಯಾಡ್ರಿ."
ಒತ್ತಲಿಲ್ಲ. ಚೀಲದಲ್ಲಿ ನಳಿಗೆಗಳ ಮಗ್ಗುಲಿಗೆ ಇಟ್ಟೆ.

ಪ್ರಯೋಗಾಲಯದ ಪರದೆಯ ಮೇಲೆ ಗೆರೆ ಓಡಿತು,
ಸಮತಟ್ಟು, ಸಮತಟ್ಟು, ಆಮೇಲೆ ಒಮ್ಮೆಲೇ ಕಪ್ಪತಗುಡ್ಡ.
ಟಾಲ್ವೀನು, ಝೈಲೀನು.
ಮಾಳಿಗೆಯ ಮೇಲೆ ಒಂಬತ್ತು, ಮಷೀನಿನ ಬಳಿ ಆರುನೂರ ನಲವತ್ತು,
ತೊಟ್ಟಿಲ ಬಳಿ
ಇನ್ನೂರ ಹನ್ನೆರಡು.

ಕೊನೆಗೆ ಏಳನೆಯದು. ಅಲ್ಲೂ ಒಂದು ಗುಡ್ಡ,
ಸಣ್ಣದು, ಆದರೆ ಅದೇ ಆಕಾರ.
ಬೀಗರು ಉಂಡು ಹೋಗಿದ್ದರು.
ಮುಚ್ಚಳ ಸಡಿಲಿತ್ತೇನೋ. ಹಸಿ ಮಸಿಗೆ ಸಂದು ಎಷ್ಟು ಬೇಕು?

"ಖಾಲಿಯೇ ಖಾಲಿ ಇಲ್ಲಾಂದ್ರ ಎಲ್ಲಾ ರದ್ದು.
ಮತ್ತ ಹೋಗಿ ಬಾ," ಅಂದರು ಸಾಹೇಬರು.
ಕಾರಣದ ಖಾನೆಯಲ್ಲಿ ಬರೆದೆ: ಸಾಗಣೆಯಲ್ಲಿ ಕಲಬೆರಕೆ.
ಉಡುಗೊರೆ ಅನ್ನಲು ಅಲ್ಲಿ ಖಾನೆಯಿಲ್ಲ.

ರದ್ದಾದ ಅಂಕಿಗೆ ಮಾತಾಡುವ ಹಕ್ಕಿಲ್ಲ.
ಇನ್ನೂರ ಹನ್ನೆರಡು ಈಗ ಏನೂ ಅಲ್ಲ,
ಆದರೂ ರಾತ್ರಿ ಅದೇ ಸಂಖ್ಯೆ
ತೊಟ್ಟಿಲ ಹಾಗೆ ಆ ಕಡೆ ಈ ಕಡೆ.

ಕ್ಯಾಲೆಂಡರು ಹೊರಗಿನ ಪಡಸಾಲೆಯಲ್ಲಿ ತೂಗುತ್ತಿದೆ.
ಜನವರಿ ಮುಗಿದು ಹಾಳೆ ಮಗುಚುವಾಗ ಮೂಸಿದೆ.
ಏನೂ ಇಲ್ಲ. ಇದ್ದದ್ದೆಲ್ಲ ಹಾರಿದೆ,
ಯಾರೋ ಎಳೆದುಕೊಂಡಿರಬೇಕು, ನಾನೇ ಇರಬಹುದು.

ನಾಳೆ ಮತ್ತೆ ಆರೂವರೆಯ ಬಸ್ಸು.
ಏಳು ನಳಿಗೆ, ಬಿಗಿ ಮುಚ್ಚಳ,
ಎರಡು ಪಂಪು, ರೊಟ್ಟಿ,
ಒಂದು ಸುತ್ತಿಗೆ, ಒಂದು ಉದ್ದನೆಯ ಮೊಳೆ.
ಅವರ ಮನೆಯ ಹೊರಗೋಡೆ ಮಣ್ಣಿನದೋ, ಕಲ್ಲಿನದೋ,
ನೋಡಿ ಬರಲು ಮರೆತಿದ್ದೆ.