ಯಾರ ಮೊಳ?

ಅಳತೆ ಕೇಳಿದರೆ ಕೊಟ್ರಮ್ಮ ಇಂಚು ಹೇಳಲಿಲ್ಲ.
ಎದ್ದು ತುದಿಗಾಲಲ್ಲಿ ನಿಂತು ಕೈ ಎತ್ತಿದರು.
ಇಪ್ಪತ್ತೆರಡು ವರ್ಷ ಹರಪನಹಳ್ಳಿ ಬಸ್ಸಿನ
ಮೇಲಿನ ಕಂಬಿ ಹಿಡಿದ ಕೈ
ನನ್ನ ಅಂಗಡಿಯ ತಗಡಿಗೆ ತಾಗಿತು.
"ಇದಕ್ಕೂ ಮ್ಯಾಲಿತ್ತು ದಾದಾಪೀರಣ್ಣ,
ನಮ್ಮವ್ವನ ಜಾಲರಿ ಬೀರಿನಾಗ ಬೆಲ್ಲದ ಗೂಡು."

ಟೇಪು ಸುತ್ತಿ ಜೇಬಿಗಿಟ್ಟುಕೊಂಡೆ.
ಅಷ್ಟೆತ್ತರದ ಬೀರು ಮಾಯಕೊಂಡದಲ್ಲಿ ಇದ್ದಿದ್ದರೆ
ಜಂತೆ ಸೀಳಿ, ಮಾಳಿಗೆ ದಾಟಿ,
ಒಣಹಾಕಿದ ಮೆಣಸಿನಕಾಯಿ ನಡುವೆ
ತಲೆ ಎತ್ತಬೇಕಿತ್ತು.
ಅಗಲ? ಮೂರು ಮೊಳ ಅಂದರು.
ಸರಿ, ಯಾರ ಮೊಳ?
ಹೇಳುವ ಬಾಯಿಗೆ ಅರವತ್ತು,
ಮೊಳಕ್ಕೆ ಇನ್ನೂ ಆರು.

ಮಂಡಕ್ಕಿ ಭಟ್ಟಿ ಕೆಡವಿದ ಕಡೆ
ಒಂದು ಬೇವಿನ ಬಾಗಿಲು ಸಿಕ್ಕಿತ್ತು ನನಗೆ.
ಹೊಟ್ಟಿನ ಹೊಗೆ ಕುಡಿದೂ ಕುಡಿದೂ
ಕಾವಲಿಯಂತಾದ ಹಲಗೆ;
ರಂದ ಎಳೆದರೆ ಒಳಗೆ ಕೆಂಪು,
ಕಹಿ ವಾಸನೆ ಹಾಗೇ ಇತ್ತು.
ಹಳೇ ಮೊಳೆಗಳು ಅಡಗಿ ಕೂತಿದ್ದವು,
ಗರಗಸದ ಎರಡು ಹಲ್ಲು ತಿಂದವು.

ಇರ್ಫಾನ ಮೊಬೈಲು ತೋರಿಸಿದ:
"ಪ್ಲೈವುಡ್ಡಿಗೆ ಬಣ್ಣ ಬಳಿದು
ಸರಪಳೀಲಿ ನಾಕು ಹೊಡದ್ರೆ ಹಳೇದಾಗ್ತದ ಅಬ್ಬಾ."
ಏಟಿಗೆ ಹಳೆಯದಾಗುವುದಿದ್ದರೆ ಮಗನೇ,
ಉಸ್ತಾದರ ಕೈಯಲ್ಲಿ ನಾನು ತಿಂದದ್ದಕ್ಕೆ
ಹತ್ತನೇ ವಯಸ್ಸಿಗೇ ಅಜ್ಜನಾಗಬೇಕಿತ್ತು.

ದಿನಕ್ಕೊಂದು ಫೋನು.
ಎಡಗಡೆ ಬಾಗಿಲು ಮುಚ್ಚಲು ಮೊಣಕಾಲು ಕೊಡಬೇಕಿತ್ತಂತೆ.
ಇರುವೆ ಹತ್ತದ ಹಾಗೆ ನಾಲ್ಕೂ ಕಾಲು
ನೀರಿನ ಬಟ್ಟಲಲ್ಲಿರುತ್ತಿದ್ದವಂತೆ.
ಮತ್ತೆ, ರಾತ್ರಿ ಹನ್ನೊಂದಕ್ಕೆ:
"ಅದು ಕಿರ್ ಅಂತಿತ್ತು. ಕದ್ರೆ ಗೊತ್ತಾಗ್ತಿತ್ತು."

ಕಿರುಗುಡದ ಬಾಗಿಲಿಗೇ ಹೆಸರಾದವನು ನಾನು,
ಮಂಡಿಪೇಟೆಯಲ್ಲಿ ಯಾರನ್ನಾದರೂ ಕೇಳಿ.
ಕಿರುಗುಡಿಸುವುದು ಹೇಗೆಂದು
ಎರಡು ದಿನ ಕೂತೆ, ಬೀಡಿ ಸುಟ್ಟೆ.
ಕೊನೆಗೆ ಕೀಲನ್ನು ಒಂದು ನೂಲು ಓರೆಗೆ ಕೂರಿಸಿದೆ.
ಕಿರ್ ಅಂದಿತು.
ಕೈ ನಾಚಿತು, ಕಿವಿಗೆ ಹಿಡಿಸಿತು.

ಎತ್ತರ ಮಾತ್ರ ನನ್ನ ಬುದ್ಧಿಗೆ ತಕ್ಕಂತೆ,
ನಾಲ್ಕೂಮುಕ್ಕಾಲು ಅಡಿ.
ಬಂದು ನೋಡಿದರು. ಜಾಲರಿ ಸವರಿದರು.
ಅವರ ಕೈ ಮೇಲಿನ ಗೂಡಿನ ಮೇಲೆ
ಆರಾಮಾಗಿ ಕೂತಿತು, ಬಸ್ಸಿನ ಸೀಟಿನ ಬೆನ್ನ ಮೇಲೆ ಕೂತ ಹಾಗೆ.
"ಚಲೋ ಆಗೇತಿ" ಅಂದರು,
ಚಿಲ್ಲರೆ ಆಮೇಲೆ ಕೊಡ್ತೀನಿ ಅಂದಾಗ
ಪ್ರಯಾಣಿಕರು ತಲೆಯಾಡಿಸುತ್ತಾರಲ್ಲ, ಹಾಗೆ.

ಆ ರಾತ್ರಿಯೇ ಕಾಲು ಕಳಚಿದೆ.
ಅದೇ ಬಾಗಿಲಿನ ಚೌಕಟ್ಟು ಉಳಿದಿತ್ತು,
ಮೂರೂವರೆ ಅಡಿಯ ನಾಲ್ಕು ಕಾಲು ತೆಗೆದೆ.
ಬಿರಡೆ ಜಡಿಯುವಾಗ ಇರ್ಫಾನ ಹೊರಗೆ ಹೋಗಿ ನಕ್ಕು ಬಂದ.
ನಗಲಿ. ನನ್ನ ಜೀವಮಾನದಲ್ಲಿ
ಅಷ್ಟು ತಪ್ಪಾದ ಸಾಮಾನು ಮಾಡಿರಲಿಲ್ಲ.

ಲಗೇಜ್ ಆಟೋದಲ್ಲಿ ಮಲಗಿಸಿ ನಿಟುವಳ್ಳಿಗೆ ಒಯ್ದೆವು,
ಅಡುಗೆಮನೆಯಲ್ಲಿ ಎಬ್ಬಿಸಿದೆವು.
ಮಿಕ್ಸಿ, ಸಿಲಿಂಡರ್, ಸ್ಟೀಲಿನ ಸಿಂಕು;
ನಡುವೆ ನಾಲ್ಕು ಬಟ್ಟಲ ನೀರಿನಲ್ಲಿ
ಕೆರೆಯ ಕೊಕ್ಕರೆಯಂತೆ ಅದು.
ಕೊಟ್ರಮ್ಮ ಕೆಳಗೆ ನಿಂತು ಕತ್ತೆತ್ತಿ ನೋಡಿದರು.
ಕೈ ಎತ್ತಿದರು. ತುದಿಗಾಲಾದರು.
ನಾಲ್ಕು ಬೆರಳು ಸಾಲಲಿಲ್ಲ.

ನೋಟುಗಳನ್ನು ಉದ್ದಕ್ಕೆ ಮಡಚಿ
ಬೆರಳ ಸಂದಿಯಿಂದ ಎಣಿಸಿ ಕೊಟ್ಟರು.
"ಸ್ಟೂಲು ಮಾಡಿಕೊಡಲೇನಮ್ಮಾ?"
"ಬ್ಯಾಡ."
ಒಳಗಿಂದ ಒಂದು ಬೆಲ್ಲದ ಅಚ್ಚು ತಂದು
ನನ್ನ ಕೈಯಲ್ಲಿಟ್ಟರು, ಮುಖ ನೋಡದೆ.
ಉಳಿಪೆಟ್ಟಿಗೆ ಮೇಲೆ ಹತ್ತಿ
ಬಾಗಿಲು ತೆಗೆದೆ. ಕಿರ್.
ಇಟ್ಟೆ.

"ಒಳಗ ತಳ್ಳಿ" ಅಂದರು ಕೆಳಗಿಂದ.
ತಳ್ಳಿದೆ.
"ಇನ್ನೂ ಒಳಗ."